ಡಕೋಟ ಜನ: ನಾಡು, ನುಡಿ, ನಂಟು ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಡಕೋಟ ಅನ್ನುವುದು ಅಮೆರಿಕದ ರಾಜ್ಯದ ಹೆಸರಲ್ಲವೇ?

ಉತ್ತರ ಡಕೋಟ, ದಕ್ಷಿಣ ಡಕೋಟ ಎಂಬ ಎರಡು ರಾಜ್ಯಗಳಿವೆ, ನಿಜ. ಆದರೆ ಅವಕ್ಕೆ ಹೆಸರು ಬಂದದ್ದು ಜನರಿಂದ. ಆ ಪದಕ್ಕೆ ಅವರ ನುಡಿಯಲ್ಲಿ ಗೆಳೆಯರು, ಒಂದಾದವರು ಎಂಬ ಅರ್ಥ. ಇವರ ಬಳಗಗಳೆಲ್ಲ ಸೇರಿದ ಕೂಟಕ್ಕೆ ಓಚೇತಿ ಶಕೋವಿನ್ ಎಂದು ಹೆಸರು, ಅಂದರೆ ಏಳು ಸಭಾಗ್ನಿಗಳು. ಮ್ಡೆವಾಕಾಂಟನ್, ವಾಹ್‌ಪೆಕುಟೆ, ಸಿಸೆಟನ್, ವಾಹ್‌ಪೆಟನ್ ಈ ನಾಲ್ಕು ಪೂರ್ವದ ಡಕೋಟ ಬಳಗಗಳು. ಯಾಂಕ್ಟನ್, ಯಾಂಕ್ಟನೈ ನಡುವಿನವು. ಏಳನೆಯ ಟೀಟನ್ ಬಳಗದವರೇ ಲಕೋಟ. ಸಿನಿಮಾದಲ್ಲಿ ಕುದುರೆ ಏರಿ ಬಯಲಲ್ಲಿ ಓಡುವವರೆಂದು ನಾವು ಕಂಡವರು ಹೆಚ್ಚಾಗಿ ಲಕೋಟರು. ಪೂರ್ವದ ಡಕೋಟರದು ಕೆರೆ, ಕಾಡು, ಹೊಳೆಯ ಬದುಕು. ಈ ಪುಟ ಮುಖ್ಯವಾಗಿ ಅವರ ಬಗ್ಗೆ.

ಇವರನ್ನೇ 'ಸಿಯೋಕ್ಸ್' ಎಂದು ಕನ್ನಡದಲ್ಲಿ ಕೆಲವರು ಬರೆಯುತ್ತಾರೆ, ಉಚ್ಚಾರ 'ಸೂ'. ನೆರೆಯ ಒಜಿಬ್ವೆ ಜನ ಇವರನ್ನು ಕರೆಯುತ್ತಿದ್ದ ಹೆಸರಿಗೆ ಫ್ರೆಂಚರು ತಮ್ಮ ಬಹುವಚನದ ಬಾಲ ಸೇರಿಸಿದರು, ಆಮೇಲೆ ಬಾಲ ಮಾತ್ರ ಉಳಿಯಿತು. ಸರ್ಕಾರಿ ಕಾಗದಗಳಲ್ಲಿ, ಕೆಲವು ಸಮುದಾಯಗಳ ಅಧಿಕೃತ ಹೆಸರಿನಲ್ಲಿ ಅದು ಇನ್ನೂ ಇದೆ. ಮಾತಿನಲ್ಲಿ ಡಕೋಟ ಎನ್ನುವುದೇ ಮರ್ಯಾದೆ.

ಅವರ ಮೂಲ ನಾಡು ಯಾವುದು?

ಮ್ನಿ ಸೋತ ಮಕೋಚೆ. ಈಗಿನ ಮಿನೆಸೋಟ ರಾಜ್ಯದ ಹೆಸರು ಅದರ ತುಂಡು. ಮ್ನಿ ಎಂದರೆ ನೀರು, ಮಕೋಚೆ ಎಂದರೆ ನಾಡು; ಮೋಡ ಕವಿದಂಥ ಅಥವಾ ಆಕಾಶ ಮೂಡುವ ನೀರಿನ ನಾಡು ಎಂದು ಅರ್ಥ ಹೇಳುತ್ತಾರೆ. ಇದರ ಕೇಂದ್ರ ಬ್ಡೋತೆ, ಅಂದರೆ ಮಿನೆಸೋಟ ನದಿ ಮಿಸಿಸಿಪ್ಪಿಗೆ ಸೇರುವ ಸಂಗಮ. ಅನೇಕ ಡಕೋಟರ ಪಾಲಿಗೆ ಮನುಷ್ಯ ಮೊದಲು ನೆಲ ಮುಟ್ಟಿದ್ದು ಅಲ್ಲಿಯೇ. ಮಿನಿಯಾಪೊಲಿಸ್ ವಿಮಾನ ನಿಲ್ದಾಣದಿಂದ ಅದು ಕೂಗಳತೆ ದೂರ.

ಟ್ವಿನ್ ಸಿಟೀಸ್ ಎಂಬ ಮಿನಿಯಾಪೊಲಿಸ್, ಸೇಂಟ್ ಪಾಲ್ ಜೋಡಿನಗರದಲ್ಲಿರುವ ಕನ್ನಡಿಗರು ದಿನಾ ಡಕೋಟ ಮಾತಾಡುತ್ತಾರೆ, ಗೊತ್ತಿಲ್ಲದೆ. ಮಿನೆಟೊಂಕ ಎಂದರೆ ದೊಡ್ಡ ನೀರು. ಶಾಕೊಪಿ ಎಂಬುದು ಆರು ಎಂಬ ಅರ್ಥದ ಹೆಸರಿನ ಮುಖಂಡನಿಂದ ಬಂದದ್ದು. ಮ್ಯಾಂಕೇಟೊ ನೀಲಿ ಮಣ್ಣು. ವೈಜಾಟ ಉತ್ತರ ದಿಕ್ಕು. ಅನೋಕ ಎರಡೂ ದಡ. ಮೆಂಡೋಟ ಎನ್ನುವುದು ಬ್ಡೋತೆಯೇ, ಇಂಗ್ಲಿಷರ ಬಾಯಲ್ಲಿ.

ಆ ನಾಡು ಅವರ ಕೈತಪ್ಪಿದ್ದು ಹೇಗೆ?

ಒಂದೇ ಏಟಿಗೆ ಅಲ್ಲ, ಕಾಗದದ ಮೇಲೆ ಕಾಗದ. 1805ರಲ್ಲಿ ಸಂಗಮದ ಸುತ್ತಲ ನೆಲ ಕೋಟೆಗೆಂದು ಹೋಯಿತು. 1837ರಲ್ಲಿ ಮಿಸಿಸಿಪ್ಪಿಯ ಪೂರ್ವ ದಡ ಹೋಯಿತು. 1851ರ ಜುಲೈ ಮತ್ತು ಆಗಸ್ಟ್‌ನಲ್ಲಿ ಟ್ರಾವರ್ಸ್ ದೆ ಸೂ ಮತ್ತು ಮೆಂಡೋಟ ಎಂಬಲ್ಲಿ ಆದ ಎರಡು ಒಪ್ಪಂದಗಳಲ್ಲಿ ಸುಮಾರು 2.4 ಕೋಟಿ ಎಕರೆ ಬರೆಸಿಕೊಂಡರು. ಲೆಕ್ಕಕ್ಕೆ ಎಕರೆಗೆ 12 ಸೆಂಟ್ ಆಸುಪಾಸು. ಅದೂ ಕೈಗೆ ಬರುವಂಥದ್ದಲ್ಲ: ಅಸಲನ್ನು ಸರ್ಕಾರವೇ ಇಟ್ಟುಕೊಂಡು 50 ವರ್ಷ ಬಡ್ಡಿ ಕೊಡುವುದು, ಆಮೇಲೆ ಅಸಲೂ ಸರ್ಕಾರದ್ದೇ.

ಟ್ರಾವರ್ಸ್ ದೆ ಸೂನಲ್ಲಿ ಸಹಿಯಾದ ಕ್ಷಣವನ್ನು ಹತ್ತಿರದಿಂದ ನೋಡಬೇಕು. ಮುಖಂಡರು ಒಪ್ಪಂದದ ಎರಡು ಪ್ರತಿಗಳಿಗೆ ಗುರುತು ಹಾಕಿ ಎದ್ದರು. ಪಕ್ಕದಲ್ಲೇ ಒಂದು ಪೀಪಾಯಿಯ ಮೇಲೆ ಮೂರನೆಯ ಕಾಗದ. ಅದನ್ನೂ ಇನ್ನೊಂದು ಪ್ರತಿ ಎಂದುಕೊಂಡು ಗುರುತು ಹಾಕಿದರು. ಅದು ಒಪ್ಪಂದವಾಗಿರಲಿಲ್ಲ, ವ್ಯಾಪಾರಿಗಳ ಸಾಲಪತ್ರ. ನೆಲದ ಹಣದಲ್ಲಿ ದೊಡ್ಡ ಪಾಲು ನೇರವಾಗಿ ವ್ಯಾಪಾರಿಗಳ ಗಲ್ಲಾಪೆಟ್ಟಿಗೆಗೆ ಹೋಯಿತು.

ಉಳಿದದ್ದು ಮಿನೆಸೋಟ ನದಿಯ ಎರಡೂ ದಡಕ್ಕೆ ಹತ್ತು ಹತ್ತು ಮೈಲಿಯ ಪಟ್ಟಿ. 1858ರಲ್ಲಿ ಉತ್ತರದ ಅರ್ಧವೂ ಹೋಯಿತು. ಬೇಟೆಗೆ ಕಾಡಿಲ್ಲ, ಬದುಕು ವರ್ಷಕ್ಕೊಮ್ಮೆ ಬರುವ ಹಣದ ಮೇಲೆ. 1861ರಲ್ಲಿ ಬೆಳೆ ಕೈಕೊಟ್ಟಿತು, 1862ರಲ್ಲಿ ಹಣ ತಡವಾಯಿತು, ಉಗ್ರಾಣದಲ್ಲಿ ಧಾನ್ಯ ಇದ್ದರೂ ಸಾಲ ಕೊಡಲಿಲ್ಲ. ಆಗಸ್ಟ್ 18ರಂದು ಯುದ್ಧ ಶುರು. 71,000 ಡಾಲರಿನ ಚಿನ್ನದ ನಾಣ್ಯಗಳು ರಿಡ್ಜ್‌ಲಿ ಕೋಟೆ ತಲುಪಿದ್ದೂ ಅದೇ ದಿನ.

1862ರ ಯುದ್ಧದಲ್ಲಿ ಎಲ್ಲ ಡಕೋಟರೂ ಇದ್ದರೇ?

ಇಲ್ಲ. ಸಿಸೆಟನ್, ವಾಹ್‌ಪೆಟನ್ ಬಳಗಗಳ ಬಹಳ ಮಂದಿ ವಿರೋಧಿಸಿದರು, ಸೆರೆಸಿಕ್ಕ ಬಿಳಿಯರನ್ನು ಕಾಪಾಡಿದವರೂ ಇದ್ದರು. ಆರು ವಾರದಲ್ಲಿ ನೂರಾರು ವಲಸಿಗರು ಸತ್ತರು. ಅದನ್ನು ಮುಚ್ಚಿಟ್ಟು ಕತೆ ಹೇಳುವುದು ಸರಿಯಲ್ಲ. ಆದರೆ ಶಿಕ್ಷೆ ಹೋರಾಡಿದವರಿಗೆ ಮಾತ್ರ ಆಗಲಿಲ್ಲ. 392 ಗಂಡಸರ ಮೇಲೆ ಸೈನಿಕ ವಿಚಾರಣೆ ನಡೆಯಿತು, ವಕೀಲರಿಲ್ಲದೆ, ಕೆಲವು ಐದು ನಿಮಿಷವೂ ಹಿಡಿಯಲಿಲ್ಲ. 303 ಮಂದಿಗೆ ಮರಣದಂಡನೆ. ಅಧ್ಯಕ್ಷ ಲಿಂಕನ್ ಕಡತ ತರಿಸಿ 39ಕ್ಕೆ ಇಳಿಸಿದರು, ಅದರಲ್ಲೂ ಒಬ್ಬನದು ಕೊನೆಗೆ ತಪ್ಪಿತು. 1862ರ ಡಿಸೆಂಬರ್ 26ರಂದು ಮ್ಯಾಂಕೇಟೊದಲ್ಲಿ 38 ಮಂದಿಯನ್ನು ಒಟ್ಟಿಗೆ ಗಲ್ಲಿಗೇರಿಸಿದರು. ಅಮೆರಿಕದ ಚರಿತ್ರೆಯಲ್ಲಿ ಒಂದೇ ದಿನ ಇಷ್ಟು ಜನರನ್ನು ಗಲ್ಲಿಗೇರಿಸಿದ್ದು ಇನ್ನಿಲ್ಲ. 1865ರಲ್ಲಿ ಇನ್ನಿಬ್ಬರು, ಹಾಗಾಗಿಯೇ ಸ್ಮರಣೆಯಲ್ಲಿ '38 ಮತ್ತು 2' ಎನ್ನುತ್ತಾರೆ.

ಹೆಸರು ತಪ್ಪಿ ಒಬ್ಬನನ್ನು ಗಲ್ಲಿಗೇರಿಸಿದರಂತೆ, ನಿಜವೇ?

ನಿಜ. ಅದನ್ನು ಅರಿಯಲು ಡಕೋಟರು ಮಕ್ಕಳಿಗೆ ಇಡುವ ಹೆಸರು ಗೊತ್ತಿರಬೇಕು. ಹುಟ್ಟಿದ ಸರದಿಗೆ ತಕ್ಕ ಹೆಸರು ಮೊದಲು ಬರುತ್ತದೆ. ಗಂಡಾದರೆ ಮೊದಲನೆಯವನು ಚಸ್ಕೆ, ಆಮೇಲೆ ಹೆಪಾನ್, ಹೆಪಿ, ಚಾತಾನ್, ಹಾಕೆ. ಹೆಣ್ಣಾದರೆ ಮೊದಲನೆಯವಳು ವಿನೋನ, ಆಮೇಲೆ ಹಾಪಾನ್, ಹಾಪ್‌ಸ್ಟಿನ್, ವಾನ್‌ಸ್ಕ, ವಿಹಾಕೆ. ಸ್ವಂತ ಹೆಸರು ಬೇರೆ ಬರುತ್ತದೆ, ಬದುಕಿನಲ್ಲಿ ಬದಲಾಗಲೂಬಹುದು. ಅಂದರೆ ಪ್ರತಿ ಮನೆಯ ಹಿರಿಮಗನೂ ಒಬ್ಬ ಚಸ್ಕೆ. ನಮ್ಮಲ್ಲಿ ಒಂದು ಓಣಿಯ ಎಲ್ಲ 'ದೊಡ್ಡಣ್ಣ'ರನ್ನೂ ಅದೇ ಹೆಸರಲ್ಲಿ ಠಾಣೆಯ ಪುಸ್ತಕಕ್ಕೆ ಬರೆದರೆ ಹೇಗೋ ಹಾಗೆ.

ವಿಚಾರಣೆಯ ಪಟ್ಟಿಯಲ್ಲಿ ಚಸ್ಕೆ, ಚಸ್ಕೆಯ ಹಲವು ರೂಪಗಳಿದ್ದವು. ಲಿಂಕನ್ ಒಪ್ಪಿದ್ದು 121ನೆಯ ಸಂಖ್ಯೆಯ ಚಸ್ಕೆದೊನ್ ಎಂಬವನ ಗಲ್ಲಿಗೆ. ಯುದ್ಧದ ವೇಳೆ ಒಬ್ಬ ಬಿಳಿಯ ಹೆಂಗಸನ್ನೂ ಅವಳ ಮಕ್ಕಳನ್ನೂ ಕಾಪಾಡಿದ್ದ 3ನೆಯ ಸಂಖ್ಯೆಯ ಚಸ್ಕೆ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಬೆಳಿಗ್ಗೆ ಸೆರೆಮನೆಯಲ್ಲಿ ಹೆಸರು ಕೂಗಿದಾಗ ಅವನು ಓಗೊಟ್ಟು ಎದ್ದುಬಂದ. ಟ್ವಿನ್ ಸಿಟೀಸ್ ಪಕ್ಕದ ಚಾಸ್ಕ ಪಟ್ಟಣ, ಮಿಸಿಸಿಪ್ಪಿ ದಡದ ವಿನೋನ ನಗರ ಇದೇ ಹೆಸರುಗಳು.

ಯುದ್ಧದ ಬಳಿಕ ಜನ ಎಲ್ಲಿಗೆ ಹೋದರು? ಈಗ ಎಲ್ಲಿದ್ದಾರೆ?

ಸುಮಾರು 1,600 ಹೆಂಗಸರು, ಮಕ್ಕಳು, ಮುದುಕರನ್ನು ನಡೆಸಿಕೊಂಡು ಹೋಗಿ ಸ್ನೆಲಿಂಗ್ ಕೋಟೆಯ ಕೆಳಗೆ ಕೂಡಿಹಾಕಿದರು. ಹುಟ್ಟಿನ ಜಾಗವೆಂದು ನಂಬಿದ ಅದೇ ಸಂಗಮದಲ್ಲಿ. ಆ ಚಳಿಗಾಲ ದಡಾರ ಮತ್ತಿತರ ರೋಗಗಳಿಂದ ಸತ್ತವರ ಅಂದಾಜು 130ರಿಂದ 300. 1863ರ ಕಾನೂನುಗಳು ಒಪ್ಪಂದಗಳನ್ನು ರದ್ದು ಮಾಡಿ ಜನರನ್ನು ರಾಜ್ಯದಿಂದ ಹೊರಹಾಕಿದವು. ಹೊರಹಾಕುವ ಆ ಕಾನೂನು ಇಂದಿಗೂ ವಿಧಿವತ್ತಾಗಿ ರದ್ದಾಗಿಲ್ಲ. ದೋಣಿಯಲ್ಲಿ ಕ್ರೋ ಕ್ರೀಕ್‌ಗೆ ಸಾಗಿಸಿದರು, ಅಲ್ಲಿ ಹಸಿವಿಗೆ ನೂರಾರು ಮಂದಿ ಬಲಿ. 1866ರಲ್ಲಿ ಉಳಿದವರು ನೆಬ್ರಾಸ್ಕದ ಸ್ಯಾಂಟೀಗೆ. 1869ರಲ್ಲಿ ಅಲ್ಲಿಂದ 25 ಕುಟುಂಬಗಳು ಹೊರಟು ಫ್ಲ್ಯಾಂಡ್ರೊದಲ್ಲಿ ನೆಲೆ ಹೂಡಿದವು. ಕೆಲವರು ಗಡಿ ದಾಟಿ ಕೆನಡಾ ಸೇರಿದರು. ಮಿನೆಸೋಟಕ್ಕೆ ಒಬ್ಬೊಬ್ಬರಾಗಿ ವಾಪಸು ಬಂದು ನೆಲ ಕೊಂಡವರೂ ಇದ್ದರು.

ಇಂದು ಮಿನೆಸೋಟದಲ್ಲಿ ಕೇಂದ್ರ ಸರ್ಕಾರ ಮಾನ್ಯ ಮಾಡಿದ ನಾಲ್ಕು ಡಕೋಟ ಸಮುದಾಯಗಳಿವೆ: ಶಾಕೊಪಿ ಮ್ಡೆವಾಕಾಂಟನ್, ಪ್ರೇರಿ ಐಲ್ಯಾಂಡ್, ಲೋವರ್ ಸೂ, ಅಪ್ಪರ್ ಸೂ. ದಕ್ಷಿಣ ಡಕೋಟದಲ್ಲಿ ಸಿಸೆಟನ್ ವಾಹ್‌ಪೆಟನ್, ಫ್ಲ್ಯಾಂಡ್ರೊ, ಕ್ರೋ ಕ್ರೀಕ್, ಯಾಂಕ್ಟನ್; ಉತ್ತರ ಡಕೋಟದಲ್ಲಿ ಸ್ಪಿರಿಟ್ ಲೇಕ್; ನೆಬ್ರಾಸ್ಕದಲ್ಲಿ ಸ್ಯಾಂಟೀ. ಕೆನಡಾ ಇವರನ್ನು ಬಹುಕಾಲ 'ಅಮೆರಿಕದಿಂದ ಬಂದ ನಿರಾಶ್ರಿತರು' ಎಂದೇ ನೋಡಿತು. 2024ರ ಜುಲೈ 15ರಂದು ಒಂಬತ್ತು ಡಕೋಟ ಮತ್ತು ಲಕೋಟ ಸಮುದಾಯಗಳ ಕ್ಷಮೆ ಕೇಳಿತು.

ಎಲ್ಲರಿಗೂ ಕ್ಯಾಸಿನೊ ದುಡ್ಡು ಬರುತ್ತದಂತೆ?

ಇಲ್ಲ. ಮಹಾನಗರದ ಪಕ್ಕದಲ್ಲಿರುವ ಪುಟ್ಟ ಶಾಕೊಪಿ ಸಮುದಾಯ ತನ್ನ ಕ್ಯಾಸಿನೊದಿಂದ (ಜೂಜುಮನೆಯಿಂದ) ಶ್ರೀಮಂತವಾಗಿದೆ. ಕ್ರೋ ಕ್ರೀಕ್ ಇರುವ ಜಿಲ್ಲೆ ದೇಶದ ಅತಿ ಬಡ ಜಿಲ್ಲೆಗಳಲ್ಲೊಂದು. ಒಂದನ್ನು ನೋಡಿ ಇನ್ನೊಂದನ್ನು ಅಳೆಯಬೇಡಿ.

ಡಕೋಟ ಕುಟುಂಬ ಎಂದರೆ ಯಾರು ಯಾರು?

ಕನ್ನಡಿಗರಿಗೆ ಇದು ಬಿಳಿಯರಿಗಿಂತ ಬೇಗ ಅರ್ಥವಾಗುತ್ತದೆ. ತಾಯಿ ಇನಾ, ತಾಯಿಯ ಅಕ್ಕತಂಗಿಯರೂ ಇನಾ. ತಂದೆ ಅತೇ, ತಂದೆಯ ಅಣ್ಣತಮ್ಮಂದಿರೂ ಅತೇ. (ನಮ್ಮ ಅತ್ತೆ ಅಲ್ಲ! ಈ ಒಂದು ಪದದಿಂದ ಮೊದಲ ದಿನ ನಗು ಗ್ಯಾರಂಟಿ.) ನಮ್ಮ ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮ ಪದಗಳ ಒಳಗೇ ಅಪ್ಪ ಅಮ್ಮ ಇಲ್ಲವೇ, ಹಾಗೆ. ಅವರ ಮಕ್ಕಳೆಲ್ಲ ಒಡಹುಟ್ಟಿದವರೇ. ಸೋದರಮಾವ ಮಾತ್ರ ಬೇರೆ, ಅವನು ದೆಕ್ಷಿ, ಸೋದರತ್ತೆ ತುನ್ವಿನ್.

ಇಲ್ಲಿಯವರೆಗೆ ನಮ್ಮ ಮನೆಯಂತೆಯೇ. 19ನೆಯ ಶತಮಾನದಲ್ಲಿ ಮಾನವಶಾಸ್ತ್ರಜ್ಞ ಲೂಯಿಸ್ ಹೆನ್ರಿ ಮಾರ್ಗನ್ ಅಮೆರಿಕದ ಮೂಲನಿವಾಸಿಗಳ ಮತ್ತು ದ್ರಾವಿಡ ನಾಡಿನ ನಂಟುಪದಗಳನ್ನು ಪಕ್ಕಪಕ್ಕ ಇಟ್ಟು ಬೆರಗಾದದ್ದು ಇದಕ್ಕೇ. ಅದರಿಂದ ಎರಡೂ ಒಂದೇ ಮೂಲದವು ಎಂದು ಅವನು ಊಹಿಸಿದ್ದು ನಿಲ್ಲಲಿಲ್ಲ. ವಾಟ್ಸಾಪಿನಲ್ಲಿ ಆ ಊಹೆ ಇನ್ನೂ ಓಡಾಡುತ್ತಿದೆ, ಮುಂದಕ್ಕೆ ಕಳಿಸಬೇಡಿ.

ಎರಡೂ ದಾರಿ ಬೇರೆಯಾಗುವುದು ಮದುವೆಯಲ್ಲಿ. ನಮ್ಮಲ್ಲಿ ಸೋದರಮಾವನ ಮಗ ಭಾವ ಅಥವಾ ಭಾವಮೈದ. ಹೆಂಡತಿಯ ಅಣ್ಣನೂ ಭಾವನೇ. ಮದುವೆ ಆಗಬಹುದಾದ ಸಂಬಂಧವಾದ್ದರಿಂದ ಒಂದೇ ಪದ ಸಾಕು. ಡಕೋಟರಲ್ಲಿ ಆ ಮದುವೆ ಕೂಡದು. ಗಂಡಸಿಗೆ ಅವನ ಭಾವಮೈದ ತಹಾನ್. ಸೋದರಮಾವನ ಅಥವಾ ಸೋದರತ್ತೆಯ ಮಗ ತಹಾನ್‌ಷಿ. ಕೊನೆಯ 'ಷಿ' ಎಂಬ ಒಂದು ಅಕ್ಷರ ಬೇಲಿ ಹಾಕುತ್ತದೆ. ಇನ್ನೊಂದು ವ್ಯತ್ಯಾಸ: ಅಣ್ಣನನ್ನು ಹುಡುಗ ಕರೆಯುವ ಪದ ಬೇರೆ, ಹುಡುಗಿ ಕರೆಯುವ ಪದ ತಿಬ್ದೊ ಬೇರೆ.

ಪದದ ಜೊತೆ ನಡತೆ ಬರುತ್ತದೆ. ಅಳಿಯ ಅತ್ತೆ ಎದುರುಬದುರು ಮಾತಾಡುವುದಿಲ್ಲ, ಅದು ಮುನಿಸಲ್ಲ, ಗೌರವ. ಭಾವಮೈದುನರ ನಡುವೆ ಎಷ್ಟು ಬೇಕಾದರೂ ಕೀಟಲೆ ನಡೆಯುತ್ತದೆ, ಸಿಟ್ಟಾಗುವಂತಿಲ್ಲ. ನಂಟರನ್ನು ಹೆಸರು ಹಿಡಿದು ಕರೆಯದೆ ನಂಟಿನ ಪದದಿಂದ ಕರೆಯುವುದು ಪದ್ಧತಿ. ಯಾಂಕ್ಟನ್ ಬಳಗದ ವಿದ್ವಾಂಸೆ ಎಲಾ ಡೆಲೋರಿಯ (1889–1971) ಇದನ್ನೇ ಡಕೋಟ ಬದುಕಿನ ತಿರುಳು ಎಂದು ತೋರಿಸಿದವರು: ಒಳ್ಳೆಯ ನಂಟನಾಗಿರುವುದು, ಮಿಕ್ಕದ್ದೆಲ್ಲ ಆಮೇಲೆ. ಹಲವು ಮನೆಗಳು ಸೇರಿದ ಬಳಗಕ್ಕೆ ತಿಯೋಶ್ಪಾಯೆ ಎನ್ನುತ್ತಾರೆ. ಹೆತ್ತವರು ಸತ್ತರೂ ಅಲ್ಲಿ ಮಗು ಅನಾಥವಾಗುವುದಿಲ್ಲ, ಇನ್ನೂ ನಾಲ್ಕು ಇನಾ ಇರುತ್ತಾರೆ.

ಹಾಗಾದರೆ ಮಕ್ಕಳನ್ನು ಮನೆಯಿಂದ ದೂರಮಾಡಿದ್ದು ಅಷ್ಟು ದೊಡ್ಡ ಪೆಟ್ಟು ಯಾಕೆ?

ನಂಟು ಕಲಿಯುವುದು ಮನೆಯಲ್ಲಿ, ನುಡಿ ನಿಂತಿರುವುದು ನಂಟಿನ ಮೇಲೆ. 1879ರಲ್ಲಿ ಪೆನ್ಸಿಲ್ವೇನಿಯದಲ್ಲಿ ಶುರುವಾದ ಕಾರ್ಲೈಲ್ ಶಾಲೆಯ ಮಾದರಿಯ ವಸತಿ ಶಾಲೆಗಳು ಮಕ್ಕಳನ್ನು ದೂರ ಒಯ್ದವು. ಮಿನೆಸೋಟದ ಪೈಪ್‌ಸ್ಟೋನ್ ಶಾಲೆ 1893ರಿಂದ 1953ರವರೆಗೆ ನಡೆಯಿತು. ಕೇಂದ್ರ ಸರ್ಕಾರದ 1883ರ ನಿಯಮಗಳು ಮೂಲನಿವಾಸಿಗಳ ಆಚರಣೆಗಳನ್ನು ಅಪರಾಧವಾಗಿಸಿದವು. 1887ರಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲೇ ಎಂದು ಆಜ್ಞೆ ಬಂತು. ವಸತಿ ಶಾಲೆಯ ಕಾಲ ಮುಗಿಯುವ ಹೊತ್ತಿಗೆ ದತ್ತು ಶುರು: 1970ರ ದಶಕದ ಹೊತ್ತಿಗೆ ದೇಶದ ಮೂಲನಿವಾಸಿ ಮಕ್ಕಳಲ್ಲಿ ಶೇ. 25ರಿಂದ 35ರಷ್ಟು ಮಂದಿ ಸ್ವಂತ ಮನೆಯಿಂದ ಹೊರಗಿದ್ದರು. ಅಧಿಕಾರಿಯ ಕಣ್ಣಿಗೆ ಅಪ್ಪ, ಅಮ್ಮ, ಮಗು ಮಾತ್ರ ಕುಟುಂಬ. ಮಗು ಚಿಕ್ಕಮ್ಮನ ಮನೆಯಲ್ಲಿದ್ದರೆ 'ತಾಯಿ ಬಿಟ್ಟುಹೋಗಿದ್ದಾಳೆ' ಎಂದು ಬರೆದುಕೊಳ್ಳುತ್ತಿದ್ದ. 1978ರ ಮೂಲನಿವಾಸಿ ಮಕ್ಕಳ ಕಲ್ಯಾಣ ಕಾಯ್ದೆ ಮೊದಲ ಹಕ್ಕು ನಂಟರಿಗೆ, ಆಮೇಲೆ ಸ್ವಂತ ಸಮುದಾಯಕ್ಕೆ ಎಂದಿತು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಡಕೋಟ ನುಡಿ ಕನ್ನಡಿಗರಿಗೆ ಸುಲಭವೇ?

ವಾಕ್ಯದ ಜೋಡಣೆ ಸುಲಭ, ಬಾಯಿ ಕಷ್ಟ. ಕ್ರಿಯಾಪದ ಕೊನೆಗೆ ಬರುತ್ತದೆ. ವಿಭಕ್ತಿಯಂಥ ಪದ ನಾಮಪದದ ಹಿಂದೆ ಅಂಟುತ್ತದೆ: ಒತುನ್ವೆ ಎಕ್ತ, ಊರಿಗೆ. ಪ್ರಶ್ನೆಗೆ ಕೊನೆಯಲ್ಲಿ 'ಹೆ' ಸೇರಿಸಿದರೆ ಆಯಿತು, ನಾವು 'ಆ' ಎಳೆಯುವ ಹಾಗೆ. ಇಂಗ್ಲಿಷ್ ಮಾತ್ರ ಬಲ್ಲವರು ತಿಂಗಳುಗಟ್ಟಲೆ ಒದ್ದಾಡುವ ಜಾಗ ಇದು.

ಉಚ್ಚಾರಕ್ಕೆ ಬಂದರೆ, ಅಲ್ಪಪ್ರಾಣ ಮಹಾಪ್ರಾಣ ಭೇದ ಅರ್ಥವನ್ನೇ ಬದಲಿಸುತ್ತದೆ. ಆ ಜನರ ಹೆಸರನ್ನೇ ಸರಿಯಾಗಿ ಬರೆದರೆ 'ದಖೋತ'. 1834ರಲ್ಲಿ ಕ್ರೈಸ್ತ ಧರ್ಮ ಪ್ರಚಾರಕರಾದ ಪಾಂಡ್ ಸೋದರರು ಕಟ್ಟಿದ, ಆಮೇಲೆ ಪಾದ್ರಿ ರಿಗ್ಸ್ 1852ರ ನಿಘಂಟಿನಲ್ಲಿ ಬಳಸಿದ ರೋಮನ್ ಲಿಪಿ ಈ ಭೇದ ತೋರಿಸಲಿಲ್ಲ; ಹಳೆಯ ಪುಸ್ತಕದಿಂದ ಕಲಿತವರು ಎಡವುವುದು ಇಲ್ಲೇ. ನಮಗೆ ಇಲ್ಲದ್ದು ಮೂರನೆಯ ಬಗೆ: ಗಂಟಲು ಮುಚ್ಚಿ, ಉಸಿರು ತಡೆದು, ಟಪ್ಪನೆ ಬಿಡುವ ಕ, ತ, ಪ, ಚ. ಸಾದಾ 'ಕು' ಎಂದರೆ ಮನೆಗೆ ಮರಳಿ ಬರು. ಸಿಡಿಸಿದ 'ಕು' ಎಂದರೆ ಕೊಡು. ಅಭ್ಯಾಸ ಹೀಗೆ: ಬಾಯಿಯ ಮುಂದೆ ತೆಳು ಕಾಗದ ಹಿಡಿದು 'ಖು' ಎನ್ನಿ, ಕಾಗದ ಅಲುಗಬೇಕು. ಆಮೇಲೆ ಕೆಮ್ಮು ತಡೆದವರಂತೆ ಗಂಟಲು ಬಿಗಿಹಿಡಿದು ಸಿಡಿಸಿದ 'ಕು' ಎನ್ನಿ. ಸದ್ದು ಜೋರಾಗಬೇಕು, ಕಾಗದ ಹೆಚ್ಚುಕಡಿಮೆ ಸುಮ್ಮನಿರಬೇಕು. ಕನ್ನಡಿಗರ ಸಾಮಾನ್ಯ ತಪ್ಪು ಇನ್ನೊಂದು, ಮೂಗಿನ ಸ್ವರದ ಕೊನೆಗೆ ಮಕಾರ ಸೇರಿಸುವುದು. ತುಟಿ ಮುಚ್ಚಬಾರದು.

ಗಂಡಸು ಮತ್ತು ಹೆಂಗಸಿನ ವಾಕ್ಯದ ಕೊನೆಯ ಪದಗಳು ಬೇರೆ. ಗಂಡಸರು 'ಹೌ' ಎಂದು ಮಾತಾಡಿಸುತ್ತಾರೆ, ಹೆಂಗಸರು ಮೂಗಿನಲ್ಲಿ 'ಹಾನ್'. ಪಾಠ ಹೇಳುವವರು ಹೆಂಗಸಾಗಿದ್ದು ಕಲಿಯುವವರು ಗಂಡಸಾದರೆ ಕೇಳಿದ್ದನ್ನೇ ಒಪ್ಪಿಸಬೇಡಿ, ನಿಮ್ಮ ರೂಪ ಯಾವುದೆಂದು ಕೇಳಿ.

ಇಷ್ಟೆಲ್ಲ ಆದ ಮೇಲೂ ನುಡಿ ಉಳಿದದ್ದು ಹೇಗೆ? ಈಗ ಕಲಿಯುವ ದಾರಿ?

ವಿಚಿತ್ರವೆಂದರೆ ಸೆರೆಮನೆ ಒಂದು ಕಾರಣ. ಗಲ್ಲು ತಪ್ಪಿದ ಗಂಡಸರು 1866ರವರೆಗೆ ಅಯೋವದ ಡ್ಯಾವೆನ್‌ಪೋರ್ಟ್‌ನಲ್ಲಿ ಸೆರೆಯಲ್ಲಿದ್ದರು. ಓದುಬರಹ ಕಲಿತು ದೂರದ ಹೆಂಡತಿ ಮಕ್ಕಳ ಸುದ್ದಿ ಕೇಳಿ, ಬಿಡುಗಡೆ ಬೇಡಿ ಡಕೋಟದಲ್ಲಿ ಕಾಗದ ಬರೆದರು. ಆ ಕಾಗದಗಳಲ್ಲಿ ಹಲವು ಇವತ್ತಿಗೂ ಇವೆ, ಪಾಠಕ್ಕೂ ಬರುತ್ತವೆ. 1871ರಿಂದ 1939ರವರೆಗೆ 'ಇಯಾಪಿ ಓಆಯೆ' ಎಂಬ ಡಕೋಟ ಪತ್ರಿಕೆ ನಡೆಯಿತು.

ಮಿನೆಸೋಟದಲ್ಲಿ ತೊಟ್ಟಿಲಿನಿಂದ ಡಕೋಟ ಆಡಿ ಬೆಳೆದವರು ಈಗ ಬೆರಳೆಣಿಕೆ. ಹೆಚ್ಚಿನವರು ಡಕೋಟ ರಾಜ್ಯಗಳಲ್ಲಿ, ಕೆನಡಾದಲ್ಲಿ. ಮಿನೆಸೋಟ ವಿಶ್ವವಿದ್ಯಾಲಯ, ಸಿಸೆಟನ್ ವಾಹ್‌ಪೆಟನ್ ಕಾಲೇಜು, ಮಾರ್ಟನ್ ಊರಿನ ಡಕೋಟ ವಿಚೋಹಾನ್ ಸಂಸ್ಥೆ ಕಲಿಸುತ್ತವೆ. ಕಲಿಯುವ ಮೊದಲು ಒಂದು ಉಪಭಾಷೆ ಆರಿಸಿಕೊಳ್ಳಿ. ಅಂತರ್ಜಾಲದಲ್ಲಿ ಸಿಗುವ ಸಾಮಗ್ರಿ ಬಹುಪಾಲು ಲಕೋಟದ್ದು: ಡಕೋಟದ 'ಕೋದ' (ಗೆಳೆಯ) ಅಲ್ಲಿ 'ಕೋಲ', 'ಪಿದಾಮಯ' (ಧನ್ಯವಾದ) ಅಲ್ಲಿ 'ಪಿಲಾಮಯ'. ಬೆರೆಸಿ ಮಾತಾಡಿದರೆ ಅರ್ಥವಾಗುತ್ತದೆ, ಆದರೆ ಧಾರವಾಡದ ವಾಕ್ಯದಲ್ಲಿ ಮಂಗಳೂರಿನ ಕ್ರಿಯಾಪದ ಸಿಕ್ಕಿಸಿದ ಹಾಗಿರುತ್ತದೆ. ನಂಟುಪದಗಳಿಂದ ಶುರುಮಾಡಿ, ಬಣ್ಣ ಮತ್ತು ಅಂಕಿ ಆಮೇಲೆ.

ಪ್ಸಿನ್ ಎಂದರೆ ಅಕ್ಕಿಯೇ?

ಡಕೋಟರು ಪ್ಸಿನ್ ಎನ್ನುವುದು ನೀರಲ್ಲಿ ತಾನೇ ಬೆಳೆಯುವ ಹುಲ್ಲಿನ ಕಾಳಿಗೆ. ಇಂಗ್ಲಿಷಿನಲ್ಲಿ ಕಾಡಕ್ಕಿ ಎನ್ನುತ್ತಾರೆ, ಭತ್ತದ ಜಾತಿಯಲ್ಲ. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಕುಯ್ಲು. ದೋಣಿಯಲ್ಲಿ ಇಬ್ಬರು: ಒಬ್ಬರು ಉದ್ದ ಗಳ ಊರಿ ದೋಣಿ ತಳ್ಳುತ್ತಾರೆ, ಇನ್ನೊಬ್ಬರು ಒಂದು ಕೋಲಿನಿಂದ ತೆನೆ ಬಾಗಿಸಿ ಇನ್ನೊಂದರಿಂದ ಸವರುತ್ತಾರೆ. ರಾಜ್ಯದ ನಿಯಮದಂತೆ ಕೋಲು 30 ಅಂಗುಲ ಮೀರಬಾರದು, ತೂಕ ಒಂದು ಪೌಂಡಿಗಿಂತ ಕಡಿಮೆ ಇರಬೇಕು. ಕಾರಣ ಇದೆ: ಒಂದೇ ತೆನೆಯ ಕಾಳು ಬೇರೆ ಬೇರೆ ದಿನ ಬಲಿಯುತ್ತವೆ. ಜೋರಾಗಿ ಬಡಿದರೆ ಎಳೆಕಾಳೂ ಉದುರಿ ಮುಂದಿನ ಸುತ್ತು ಖಾಲಿ.

ತಂದ ಕಾಳನ್ನು ಅದೇ ದಿನ ಹರವಬೇಕು. ಗೋಣಿಯಲ್ಲೇ ಬಿಟ್ಟರೆ ಬಿಸಿಯೇರಿ ಬೂಸಲು ಹಿಡಿಯುತ್ತದೆ. ಆಮೇಲೆ ಕಬ್ಬಿಣದ ಕಡಾಯಿಯಲ್ಲಿ ಕೈಬಿಡದೆ ಹುರಿಯುವುದು, ಮೃದು ಪಾದರಕ್ಷೆ ತೊಟ್ಟು ತುಳಿದು ಸಿಪ್ಪೆ ಬಿಡಿಸುವುದು, ಕೇರುವುದು. ಉರಿ ಹೆಚ್ಚಾದರೆ ಅರಳಾಗಿ ಸಿಡಿಯುತ್ತದೆ, ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ. ಅಡುಗೆಗೆ ಒಂದು ಲೋಟಕ್ಕೆ ಮೂರರಿಂದ ನಾಲ್ಕು ಲೋಟ ನೀರು. ಕೈಯಲ್ಲಿ ಹುರಿದದ್ದು 20–25 ನಿಮಿಷದಲ್ಲಿ ಬೇಯುತ್ತದೆ, ಗದ್ದೆಯಲ್ಲಿ ಬೆಳೆದ ಕಪ್ಪನೆಯದಕ್ಕೆ ಮುಕ್ಕಾಲು ಗಂಟೆ ಮೇಲೆ ಬೇಕು. ಕುಕ್ಕರಿಗೆ ಹಾಕಿ ಸೀಟಿ ಹೊಡೆಸಿದರೆ ಮುದ್ದೆ.

ನೀರಿನಲ್ಲಿ ಸಲ್ಫೇಟ್ ಹೆಚ್ಚಿದರೆ ಈ ಹುಲ್ಲು ನಿಲ್ಲುವುದಿಲ್ಲ. ಮಿನೆಸೋಟ 1973ರಲ್ಲೇ ಲೀಟರಿಗೆ 10 ಮಿಲಿಗ್ರಾಂ ಮಿತಿ ಹಾಕಿತು. ಅದರ ಜಾರಿಗಾಗಿ ಜಗಳ ಇನ್ನೂ ಮುಗಿದಿಲ್ಲ.

ನೆಲ ಏನಾದರೂ ವಾಪಸು ಬಂದಿದೆಯೇ?

ತುಂಡು ತುಂಡಾಗಿ. 2021ರಲ್ಲಿ ಲೋವರ್ ಸೂ ಸಮುದಾಯಕ್ಕೆ ಸುಮಾರು 114 ಎಕರೆ. 2024ರಲ್ಲಿ ಸುಮಾರು 1,280 ಎಕರೆಯ ರಾಜ್ಯ ಉದ್ಯಾನವೊಂದು ಅಪ್ಪರ್ ಸೂ ಸಮುದಾಯದ ಕೈಗೆ. ಜನ ಹಸಿದು ಸತ್ತ ಜಾಗಕ್ಕೆ ಟಿಕೆಟ್ ಕೊಂಡು ಹೋಗಬೇಕಿತ್ತು ಅಲ್ಲಿಯವರೆಗೆ. ಹೆಸರುಗಳೂ ಮರಳುತ್ತಿವೆ. ಮಿನಿಯಾಪೊಲಿಸ್‌ನ ಕ್ಯಾಲ್‌ಹೂನ್ ಕೆರೆ 2018ರಲ್ಲಿ ಮತ್ತೆ ಬ್ಡೆ ಮಕ ಸ್ಕ ಆಯಿತು, ಮೊಕದ್ದಮೆ ನಡೆದು 2020ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಉಳಿಯಿತು.

ಒಂದು ಡಕೋಟ ಮನೆತನದ ಬೇರು ಹುಡುಕುವುದು ಹೇಗೆ? ಡಿಎನ್‌ಎ ಪರೀಕ್ಷೆ ಸಾಕೇ?

ಸಾಲದು. ಸದಸ್ಯತ್ವ ಕೊಡುವುದು ಆಯಾ ಸಮುದಾಯ, ನಿಯಮ ಒಂದೊಂದರದು ಒಂದೊಂದು. ಹೆಸರಿರುವ ಪೂರ್ವಜರನ್ನು ದಾಖಲೆಯಿಂದ ತೋರಿಸಬೇಕು. ಮೊದಲು ಮನೆಯಲ್ಲಿರುವ ಜನನ, ದೀಕ್ಷಾಸ್ನಾನದ ಕಾಗದ ಕೂಡಿಸಿ. ಆಮೇಲೆ 1885ರಿಂದ 1940ರವರೆಗಿನ ಮೂಲನಿವಾಸಿ ಜನಗಣತಿ ಪಟ್ಟಿಗಳನ್ನು ಈಚಿನದರಿಂದ ಹಿಂದಕ್ಕೆ, ವರ್ಷ ವರ್ಷ ನೋಡಿ. ಮಿನೆಸೋಟದ ಮ್ಡೆವಾಕಾಂಟನ್ ಮನೆತನವಾದರೆ 1886ರ ಮೇ 20ಕ್ಕೆ ರಾಜ್ಯದಲ್ಲಿದ್ದರೇ ಎಂಬುದು ಮುಖ್ಯ, ಆ ದಿನವನ್ನೇ ಆಧರಿಸಿ ನೆಲ ಹಂಚಿದರು. ಚರ್ಚಿನ ಪುಸ್ತಕಗಳೂ ಬೇಕು. ಕೊನೆಗೆ ಸಮುದಾಯದ ಸದಸ್ಯತ್ವ ಕಚೇರಿ.

ದಾರಿ ತಪ್ಪುವುದು ಮೂರು ಕಡೆ. ಒಬ್ಬನಿಗೇ ಸರದಿಯ ಹೆಸರು, ಡಕೋಟ ಹೆಸರು, ಕ್ರೈಸ್ತ ಹೆಸರು ಇರುತ್ತವೆ. ಅಣ್ಣತಮ್ಮಂದಿರ ಅಡ್ಡಹೆಸರು ಬೇರೆ ಬೇರೆ ಆಗಿರಬಹುದು. ಗುಮಾಸ್ತ ಒಂದೇ ಸದ್ದನ್ನು ಒಮ್ಮೆ 'ಬ್ಡ', ಒಮ್ಮೆ 'ಮ್ಡ' ಎಂದು ಬರೆದಿರುತ್ತಾನೆ, ಎರಡರಲ್ಲೂ ಹುಡುಕಿ. ಮೂರನೆಯದು ಇನಾ: 'ತಾಯಿ' ಎಂದು ಬರೆದವಳು ಚಿಕ್ಕಮ್ಮ ಆಗಿರಬಹುದು. ಎರಡು ಪಟ್ಟಿಯಲ್ಲಿ ತಾಯಿಯ ಹೆಸರು ಬೇರೆ ಕಂಡರೆ ತಪ್ಪೆಂದು ಒಂದನ್ನು ಹೊಡೆದುಹಾಕಬೇಡಿ, ಇಬ್ಬರೂ ಅಕ್ಕತಂಗಿಯರೇ ನೋಡಿ.

ವಾಚೀಪಿಗೆ ನಾವು ಹೋಗಬಹುದೇ?

ಹೋಗಬಹುದು, ಬಹುಪಾಲು ಎಲ್ಲರಿಗೂ ತೆರೆದಿರುತ್ತವೆ. ವಾಚೀಪಿ ಎಂದರೆ ಅವರು ಕುಣಿಯುತ್ತಾರೆ ಎಂದು; ಹಾಡು ಕುಣಿತದ ಕೂಟಕ್ಕೆ ಆ ಹೆಸರು. ಮ್ಯಾಂಕೇಟೊದಲ್ಲಿ 1972ರಿಂದ ಸೆಪ್ಟೆಂಬರ್‌ನಲ್ಲಿ ನಡೆಯುತ್ತಿದೆ. ಮಡಚುವ ಕುರ್ಚಿ ನೀವೇ ಒಯ್ಯಿರಿ. ವೃತ್ತದ ಪಕ್ಕದ ಸಾಲು ಕುಣಿಯುವವರದು, ಹೊದಿಕೆ ಹಾಸಿದ ಕುರ್ಚಿಯಲ್ಲಿ ಕೂರಬೇಡಿ. ಮೊದಲ ಪ್ರವೇಶದ ಹೊತ್ತು ಎದ್ದುನಿಂತು ಟೊಪ್ಪಿ ತೆಗೆಯಿರಿ. ಉಡುಪನ್ನು 'ವೇಷ' ಎನ್ನಬೇಡಿ, ಮುಟ್ಟಬೇಡಿ. ಫೋಟೊಕ್ಕೆ ಕೇಳಿ, ನಿರೂಪಕ ಬೇಡವೆಂದ ಹಾಡಿಗೆ ಮೊಬೈಲ್ ಕಿಸೆಯಲ್ಲಿರಲಿ. ಹದ್ದಿನ ಗರಿ ನೆಲಕ್ಕೆ ಬಿದ್ದರೆ ಎತ್ತಿಕೊಡಲು ಹೋಗಬೇಡಿ, ಅದಕ್ಕೆ ಅವರದೇ ವಿಧಿ ಇದೆ. ಎಲ್ಲರೂ ಕುಣಿಯುವ ಹಾಡು ಎಂದು ಕರೆದಾಗ ಮಾತ್ರ ಕೂತೇ ಇರಬೇಡಿ.